ಸಮುದ್ರದೇವರ ಬಾಗಿಲಿಗೆ ಒಂದು ತೆಂಗಿನಕಾಯಿ

ಹಾಸ್ಯ ನನ್ನ ಸ್ವಭಾವದಲ್ಲಿಲ್ಲ. ಆದರೂ ದುಬೈಯ ಈ ಕಟ್ಟಡದ ನಾಲ್ಕನೆಯ ಮಹಡಿಗೆ ಬಂದಂದಿನಿಂದ ನಗೆ ಬರಿಸುವ ಘಟನೆಗಳು ನನ್ನ ಅನುಮತಿ ಕೇಳದೆ ನಡೆಯುತ್ತಲೇ ಇವೆ. ಅವುಗಳಲ್ಲಿ ಹೆಚ್ಚಿನವು ಎದುರು ಮನೆಯಿಂದ ಹೊರಡುತ್ತವೆ.

ಎದುರು ಮನೆಯವರು ಉಡುಪಿ ಕಡೆಯ ದಂಪತಿ. ಪತಿ ಜೆಬೆಲ್ ಅಲಿ ಬಂದರಿನಲ್ಲಿ ಮೂವತ್ತು ವರ್ಷ ಟಗ್ ಬೋಟ್ ನಡೆಸಿದವರು. ದೊಡ್ಡ ಹಡಗುಗಳನ್ನು ಎಳೆದು ತಂದು ದಕ್ಕೆಗೆ ಸೇರಿಸುವುದು ಅವರ ಕೆಲಸ. ಕಟ್ಟಡದಲ್ಲಿ ಅವರಿಗೆ ಕ್ಯಾಪ್ಟನ್ ಎಂದೂ ಅವರ ಹೆಂಡತಿಗೆ ಅಕ್ಕ ಎಂದೂ ಹೆಸರು. ನಾನು ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತು, ಇಲ್ಲಿ ಚರಿತ್ರೆ ಕಲಿಸಿ ನಿವೃತ್ತಳಾಗಿ, ಮಗಳ ಮನೆಯಲ್ಲಿರುವವಳು. ನನ್ನನ್ನು ಟೀಚರ್ ಎನ್ನುತ್ತಾರೆ. ನಾವು ಮೂವರು ಗ್ರೀಸ್ ದೇಶದ ಒಂದು ಪುರಾತನ ದೇವಾಲಯಕ್ಕೆ ಅರ್ಧ ದಿನದ ಪ್ರವಾಸ ಹೋಗಿ ಬಂದ ವೃತ್ತಾಂತ ಇದು.

೧. ಹಸಿವು

ಹಲವು ವರ್ಷಗಳ ಹಿಂದೆ ಒಂದು ದಿನ ವಾಯವ್ಯದಿಂದ ಶಮಾಲ್ ಗಾಳಿ ಎದ್ದು, ಕ್ಯಾಪ್ಟನ್ನರ ಬೋಟಿನೊಂದಿಗೆ ಬಂದರಿನ ಸಂಪರ್ಕ ಕಡಿಯಿತು. ಮರುದಿನ ಮಧ್ಯಾಹ್ನದವರೆಗೆ ಸುದ್ದಿಯಿರಲಿಲ್ಲ. ಅಕ್ಕ ನನ್ನ ಮನೆಯ ಸೋಫಾದ ತುದಿಯಲ್ಲಿ ಕುಳಿತಿದ್ದರು. ನಾನು ಜಪಮಾಲೆ ಹಿಡಿದಿದ್ದೆ. ಆಕೆ ಹರಕೆ ಹೊತ್ತರು. ‘ಸಮುದ್ರದೇವರೇ, ಇವರು ನಿನ್ನ ನೀರಿನ ಮೇಲಿನ ಕೆಲಸ ಪೂರ್ತಿ ಮುಗಿಸಿ ಸುಖವಾಗಿ ನೆಲಕ್ಕೆ ಇಳಿದ ದಿನ, ನಿನ್ನ ಬಾಗಿಲಿಗೇ ಬಂದು ಕಾಯಿ ಒಡೆಸುತ್ತೇನೆ.’

ಕ್ಯಾಪ್ಟನ್ ಹಿಂತಿರುಗಿದರು, ಸ್ವಲ್ಪ ಶೀತದೊಂದಿಗೆ.

ಈಚೆಗೆ ಅವರಿಗೆ ನಿವೃತ್ತಿಯಾಯಿತು. ಎರಡು ತಿಂಗಳಲ್ಲಿ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಡಬೇಕು. ಅಕ್ಕನ ನಿದ್ರೆ ಕೆಟ್ಟಿತು. “ಊರಲ್ಲಿ ಸಮುದ್ರಕ್ಕೆ ದಡ ಉಂಟು ಟೀಚರೇ, ಬಾಗಿಲು ಎಲ್ಲುಂಟು? ನಾನು ಬಾಗಿಲಿಗೆ ಬರುತ್ತೇನೆ ಅಂತ ಹೇಳಿ ಆಗಿದೆ. ಇನ್ನು ಮಾತು ಬದಲಿಸಿದರೆ ಇವರ ತಲೆಗೇ ಬಂದೀತು.”

ಇಲ್ಲಿ ತಪ್ಪು ನನ್ನದು. ಗ್ರೀಕರ ಸಮುದ್ರದೇವರಾದ ಪೊಸೈಡನ್‌ಗೆ ಅಥೆನ್ಸ್ ಪಟ್ಟಣದ ಆಚೆ, ಸೂನಿಯೊ ಎಂಬ ಭೂಶಿರದ ತುದಿಯಲ್ಲಿ, ಕಡಲಿಗೆ ಎದುರಾಗಿ ಒಂದು ದೇವಾಲಯವಿದೆ ಎಂದು ಚರಿತ್ರೆಯ ಅಭ್ಯಾಸಬಲದಿಂದ ಹೇಳಿಬಿಟ್ಟೆ.

ಅಕ್ಕ ಎದ್ದು ನಿಂತರು. “ಅಲ್ಲಿ ಮಧ್ಯಾಹ್ನದ ಪೂಜೆ ಎಷ್ಟು ಗಂಟೆಗೆ?”

“ಅಲ್ಲಿ ಪೂಜೆ ನಿಂತು ಒಂದೂವರೆ ಸಾವಿರ ವರ್ಷ ಕಳೆದಿದೆ” ಎಂದೆ.

ಆಕೆ ಎರಡೂ ಕೈಗಳನ್ನು ಕೆನ್ನೆಗಿಟ್ಟುಕೊಂಡರು. “ಅಯ್ಯೋ ದೇವರೇ, ಎಷ್ಟು ಹಸಿವಾಗಿರಲಿಕ್ಕಿಲ್ಲ ಅವರಿಗೆ!”

೨. ಅರ್ಜಿ

ಕಟ್ಟಡದವರ ಅರ್ಜಿಗಳನ್ನೆಲ್ಲ ತುಂಬಿಸುವುದು ನಾನೇ. ನನ್ನ ಅಕ್ಷರ ದುಂಡಗಿದೆ ಎಂಬುದು ಒಂದು ಕಾರಣ, ನಾನು ಸುಳ್ಳು ಬರೆಯುವುದಿಲ್ಲ ಎಂಬುದು ಇನ್ನೊಂದು. ಗ್ರೀಸಿನ ವೀಸಾ ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಎಂಬಲ್ಲಿ ‘ಪ್ರವಾಸ’ ಎಂದು ಗುರುತು ಹಾಕಲು ಹೊರಟಾಗ ಅಕ್ಕ ನನ್ನ ಕೈ ಹಿಡಿದರು.

“ಟೀಚರೇ, ನಾವು ತಿರುಗಲಿಕ್ಕೆ ಹೋಗುವುದಾ? ಹರಕೆಗೆ ಹೋಗುವವರು ತಿರುಗಲಿಕ್ಕೆ ಅಂತ ಬರೆದರೆ ಮೇಲಿನವರು ನೋಡುವುದಿಲ್ವಾ?”

‘ಇತರ’ ಎಂಬುದಕ್ಕೆ ಗುರುತು ಹಾಕಿ, ಮುಂದಿನ ಖಾಲಿ ಗೆರೆಯಲ್ಲಿ ‘ಒಂದು ತೆಂಗಿನಕಾಯಿಯನ್ನು ಅರ್ಪಿಸುವುದಕ್ಕಾಗಿ’ ಎಂದು ಇಂಗ್ಲಿಷಿನಲ್ಲಿ ಬರೆದೆ. ವ್ಯಾಕರಣದಲ್ಲಿ ದೋಷವಿರಲಿಲ್ಲ.

ವೀಸಾ ಕೇಂದ್ರದ ಕಿಟಕಿಯಲ್ಲಿ ಕುಳಿತಿದ್ದ ಯುವತಿ ಆ ಗೆರೆಯನ್ನು ಮೂರು ಸಲ ಓದಿದಳು. ಬಳಿಕ ಪಕ್ಕದ ಕಿಟಕಿಯವಳನ್ನು ಕರೆದು ಓದಿಸಿದಳು. ಕೊನೆಗೆ, ನಿಯಮದಂತೆ ಕೇಳಬೇಕಾದುದನ್ನು ಕೇಳಿದಳು: “ಎಲ್ಲರೂ ಹಿಂತಿರುಗಿ ಬರುತ್ತೀರಲ್ಲ?”

“ಮೂವರಿಗೂ ರಿಟರ್ನ್ ಟಿಕೆಟ್ ಉಂಟು ಮೇಡಂ” ಎಂದರು ಕ್ಯಾಪ್ಟನ್. “ಕಾಯಿಗೆ ಮಾತ್ರ ಒನ್ ವೇ.”

೩. ಕೆಂಪು ದಾರಿ

ಕಾಯಿಯನ್ನು ರಾಸ್ ಅಲ್ ಖೋರ್‌ನ ಸಗಟು ಮಾರುಕಟ್ಟೆಯಿಂದ ತಂದೆವು. ಅಲ್ಲಿ ರಾಶಿ ರಾಶಿಯಾಗಿ ಕಾಯಿಗಳಿವೆ. ಆದರೆ ಎಲ್ಲವನ್ನೂ ಅಂದಗಾಣಿಸಲೆಂದು ಪೂರ್ತಿ ಬೋಳಿಸಿರುತ್ತಾರೆ. ದೇವರಿಗೆ ಜುಟ್ಟಿಲ್ಲದ ಕಾಯಿ ಆಗದು. ನಾಲ್ಕು ಅಂಗಡಿ ಹುಡುಕಿದ ಮೇಲೆ, ಮಲಯಾಳಿ ವ್ಯಾಪಾರಿಯೊಬ್ಬರು ಒಳಗಿನ ಚೀಲದಿಂದ ಜುಟ್ಟಿರುವ ಒಂದನ್ನು ತೆಗೆದುಕೊಟ್ಟರು. ಅಕ್ಕ ಅದನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿ, ತಲೆದೂಗಿ, ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡು ಮನೆಗೆ ಬಂದರು.

ಯುರೋಪಿಗೆ ಹಣ್ಣುಹಂಪಲು ಒಯ್ಯುವ ನಿಯಮಗಳನ್ನು ನಾನು ಮೊದಲೇ ಓದಿದ್ದೆ. ತೆಂಗಿನಕಾಯಿಗೆ ಅಡ್ಡಿಯಿರಲಿಲ್ಲ. ಆದ್ದರಿಂದ ಅಥೆನ್ಸ್ ವಿಮಾನ ನಿಲ್ದಾಣದಲ್ಲಿ, ಘೋಷಿಸಲು ಏನೂ ಇಲ್ಲದವರ ಹಸಿರು ದಾರಿಯಲ್ಲಿ ಸುಮ್ಮನೆ ನಡೆದು ಹೋಗಬಹುದಿತ್ತು. ಕ್ಯಾಪ್ಟನ್ ಕೆಂಪು ದಾರಿ ಹಿಡಿದರು.

“ಅಲ್ಲಿಗೆ ಯಾಕೆ ಹೋಗುವುದು, ಮಾರಾಯ್ರೆ?” ಎಂದು ಅಕ್ಕ ಹಿಂದಿನಿಂದ ಕೂಗಿದರು.

“ಡಿಕ್ಲೇರ್ ಮಾಡದೆ ನಾನು ಒಂದು ತುಂಡು ಹಗ್ಗ ಕೂಡ ಬಂದರಿನೊಳಗೆ ತಂದವನಲ್ಲ. ಈ ಪ್ರಾಯದಲ್ಲಿ ಶುರು ಮಾಡುವುದಾ?”

ಮೇಜಿನ ಹಿಂದಿನ ಸುಂಕದ ಅಧಿಕಾರಿ ದಪ್ಪ ಮೀಸೆಯವರು. ಬಿಳಿ ವಸ್ತ್ರದಲ್ಲಿ ಸುತ್ತಿದ ಕಾಯಿಯನ್ನು ಬಿಚ್ಚಿ, ಜುಟ್ಟು ಹಿಡಿದು ಎತ್ತಿ, ತಿರುಗಿಸಿ ನೋಡಿದರು. “ಯಾರಿಗೆ ಇದು?”

ಕ್ಯಾಪ್ಟನ್ ನೆಟ್ಟಗೆ ನಿಂತರು. “ನಿಮ್ಮ ದೇವರಿಗೆ, ಸರ್.”

ಅಧಿಕಾರಿ ಕಾಯಿಯನ್ನು ಎರಡೂ ಕೈಗಳಿಂದ ಮೆಲ್ಲಗೆ ವಸ್ತ್ರದ ಮೇಲಿಟ್ಟು, ಟೋಪಿ ತೆಗೆದು, ಶಿಲುಬೆಯ ಗುರುತು ಹಾಕಿಕೊಂಡರು. ಅವರು ಬಲ ಭುಜದಿಂದ ಎಡಕ್ಕೆ ಹಾಕಿದರು. ನಾವು ಕಥೋಲಿಕರು ಎಡದಿಂದ ಬಲಕ್ಕೆ. ಯಾವ ದೇವರೆಂದು ಅವರು ಕೇಳಲಿಲ್ಲ. ಕೇಳದವರಿಗೆ ಉತ್ತರಿಸಬಾರದೆಂದು ನಮ್ಮ ಸಿಸ್ಟರುಗಳು ಕಲಿಸಿದ್ದಾರೆ.

೪. ಅರ್ಧ ದಿನ

ನಾವು ಗೊತ್ತು ಮಾಡಿದ್ದು ಖಾಸಗಿ ವಾಹನ. ಐದು ಗಂಟೆಗಳ ಪ್ರವಾಸ. ಎಲ್ಲಿ ಬೇಕಾದರೂ ನಿಲ್ಲಿಸಬಹುದು ಎಂದು ಚಾಲಕ ಮೊದಲೇ ಹೇಳಿದ. ಹಾಗೆ ಹೇಳಬಾರದಿತ್ತು.

ರಸ್ತೆ ಕಡಲ ಅಂಚಿನಲ್ಲೇ ಸಾಗುತ್ತದೆ. ಮೊದಲ ಕೊಲ್ಲಿಯಲ್ಲಿ ಒಂದು ಟಗ್ ಬೋಟ್ ಕಾಣಿಸಿತು. “ಸ್ಟಾಪ್” ಎಂದರು ಕ್ಯಾಪ್ಟನ್. ಇಳಿದು, ಸೊಂಟದ ಮೇಲೆ ಕೈಯಿಟ್ಟು, ಆ ಬೋಟು ತನ್ನ ಕೆಲಸ ಮುಗಿಸುವವರೆಗೆ ನೋಡಿದರು. ಎರಡನೆಯ ಕೊಲ್ಲಿಯಲ್ಲಿ ಎರಡು ಟಗ್ ಬೋಟುಗಳಿದ್ದವು.

ಅಕ್ಕ ಬೆಳಗಿನಿಂದ ನೀರು ಕೂಡ ಮುಟ್ಟಿರಲಿಲ್ಲ. ಹರಕೆ ತೀರುವವರೆಗೆ ಉಪವಾಸ. ಎಳ್ಳು ಹಚ್ಚಿದ, ಬಳೆಯಾಕಾರದ ರೊಟ್ಟಿಯೊಂದನ್ನು ಚಾಲಕ ಅವರಿಗಾಗಿ ಕೊಂಡು ತಂದಿದ್ದ. ಬೇಡವೆಂದಾಗ ಅವನ ಮುಖ ಬಾಡಿತು. ಆಕೆಯ ಚಿಂತೆ ಬೇರೆ: ದೇವಾಲಯದ ಆವರಣ ಮುಚ್ಚುವ ಹೊತ್ತು ಹತ್ತಿರವಾಗುತ್ತಿತ್ತು, ನಾಳೆ ಬೆಳಿಗ್ಗೆ ನಮ್ಮ ವಿಮಾನ.

ಮೂರನೆಯ ಕೊಲ್ಲಿಯಲ್ಲಿ ಯಾರದೋ ವಿಹಾರ ದೋಣಿ ಕಟ್ಟಿತ್ತು. ಕ್ಯಾಪ್ಟನ್ ಕೆಳಗಿಳಿದು ಹೋಗಿ, ಅದರ ಮಾಲಿಕನನ್ನು ಎಬ್ಬಿಸಿ, ಹಗ್ಗ ಸಡಿಲವಾಗಿದೆಯೆಂದು ತೋರಿಸಿ, ತಾವೇ ಬಿಗಿದು ಬಂದರು.

“ಖಲಾಸ್! ನಿಮಗೆ ರಿಟೈರ್ ಆಯಿತು!” ಎಂದು ಅಕ್ಕ ವಾಹನದ ಕಿಟಕಿಯಿಂದ ತಲೆ ಹೊರಹಾಕಿ ಗದರಿದರು. “ಗ್ರೀಸಿನ ದೋಣಿಯೆಲ್ಲ ನೀವೇ ಕಟ್ಟಿ ಬರುವುದಾ?”

“ಹಗ್ಗಕ್ಕೆ ಗೊತ್ತುಂಟಾ, ನನಗೆ ರಿಟೈರ್ ಆಗಿದೆ ಅಂತ?” ಎಂದರು ಕ್ಯಾಪ್ಟನ್.

ಚಾಲಕ ನಿಟ್ಟುಸಿರು ಬಿಟ್ಟು ನನ್ನ ಕಡೆ ತಿರುಗಿದ. “ಮೇಡಂ, ಉಳಿದ ಗಿರಾಕಿಗಳನ್ನು ನಾನು ಸಮುದ್ರ ತೋರಿಸಲು ಕರೆತರುತ್ತೇನೆ. ಇವರನ್ನು ಸಮುದ್ರದಿಂದ ಬಿಡಿಸಿ ಕರೆದೊಯ್ಯಬೇಕಾಗಿದೆ.”

೫. ಅಂಗಿ

ದೇವಾಲಯ ಗುಡ್ಡದ ತುದಿಯಲ್ಲಿದೆ. ಚಾಲಕರು ಒಳಗೆ ಬಂದು ವಿವರಿಸುವಂತಿಲ್ಲವೆಂದು ಅವನು ವಾಹನದ ಬಳಿಯೇ ಉಳಿದ. ಅಲ್ಲಿಂದ ಮುಂದಿನದೆಲ್ಲ ನನ್ನ ಹೊಣೆಯಾಯಿತು.

ಟಿಕೆಟಿನ ಕಟ್ಟೆ ದಾಟಿದೊಡನೆ ಅಕ್ಕ ಚಪ್ಪಲಿ ಬಿಟ್ಟರು. ಕ್ಯಾಪ್ಟನ್ನರೂ ಬಿಟ್ಟರು. ಅನ್ಯರ ದೇವರಾದರೂ ಜೊತೆಯವರು ಬರಿಗಾಲಲ್ಲಿ ನಡೆಯುವಾಗ ನಾನೊಬ್ಬಳೇ ಶೂ ಧರಿಸಿ ನಡೆಯುವುದು ಅಸಭ್ಯತೆಯೆನಿಸಿ, ನಾನೂ ಕಳಚಿ ಪಕ್ಕದಲ್ಲಿ ಸಾಲಾಗಿ ಇಟ್ಟೆ.

ಬಿಳಿಯ ಕಂಬಗಳು ನೇರವಾಗಿ ಆಕಾಶಕ್ಕೆ ನಿಂತಿದ್ದವು. ಅವುಗಳ ಆಚೆ ಬರೀ ನೀಲಿ ಕಡಲು. ಅಕ್ಕ ಕಾಯಿಯನ್ನು ಎರಡೂ ಕೈಗಳಲ್ಲಿ ಹಿಡಿದು ತಲೆಬಾಗಿದರು. ಕ್ಯಾಪ್ಟನ್ನರಿಗೂ ಏನೋ ತಟ್ಟಿರಬೇಕು. ಊರಿನ ದೇವಸ್ಥಾನಗಳಲ್ಲಿ ಗರ್ಭಗುಡಿಯ ಹತ್ತಿರ ಗಂಡಸರು ಮಾಡುವಂತೆ, ಅಂಗಿ, ಬನಿಯನ್ ತೆಗೆದು, ಮಡಚಿ, ತೋಳಿನ ಮೇಲೆ ಹಾಕಿಕೊಂಡು ಕೈಮುಗಿದು ನಿಂತರು.

ಸೀಟಿ ಕೇಳಿಸಿತು. ಕಾವಲಿನ ಹೆಂಗಸು, ಗಟ್ಟಿಮುಟ್ಟಾದವಳು, ಓಡಿ ಬಂದಳು. “ಸರ್! ಸ್ನಾನದ ಬೀಚು ಕೆಳಗಿದೆ!”

ಇದು ಸ್ನಾನಕ್ಕಲ್ಲ, ಗೌರವಕ್ಕೆ ಎಂದು ನಾನು ವಿವರಿಸಿದೆ.

“ನಮ್ಮಲ್ಲಿ ಗೌರವಕ್ಕೆ ಅಂಗಿ ಹಾಕಿಕೊಳ್ಳುತ್ತಾರೆ.”

“ನಮ್ಮ ಕಡೆ ತೆಗೆಯುತ್ತಾರೆ. ಅಲ್ಲದೆ, ನಿಮ್ಮ ಹಿಂದಿನವರು ಕೆತ್ತಿದ ದೇವರುಗಳ ಮೈಮೇಲೂ ಅಂಗಿ ಕಾಣುವುದಿಲ್ಲವಲ್ಲ” ಎಂದೆ. ಅಂಗಿಯ ಕೆಳಗಿನ ಉಡುಪಿನ ವಿಷಯವನ್ನು ನಾನು ಎತ್ತಲಿಲ್ಲ, ಕಾನ್ವೆಂಟಿನಲ್ಲಿ ಕಲಿತವಳು.

ಆಕೆ ಬಾಯಿ ತೆರೆದಳು. ಆದರೆ ಅವಳ ಕಣ್ಣು ನಮ್ಮ ಬೆನ್ನ ಹಿಂದೆ ದ್ವಾರದ ಕಡೆಗೆ ಹೋಗಿ ಅಲ್ಲೇ ನಿಂತಿತು. ನಾವೂ ತಿರುಗಿದೆವು. ನಮ್ಮ ಬಳಿಕ ಒಂದು ಬಸ್ಸಿನ ತುಂಬ ಪ್ರವಾಸಿಗರು ಬಂದಿದ್ದರು. ದ್ವಾರದಲ್ಲಿ ಮೂರು ಜೊತೆ ಪಾದರಕ್ಷೆಗಳು ಅಚ್ಚುಕಟ್ಟಾಗಿ ಇರುವುದನ್ನು ಕಂಡು, ಅದೇ ಅಲ್ಲಿಯ ನಿಯಮವೆಂದು ತಿಳಿದು, ಎಲ್ಲರೂ ಕಲ್ಲಿನ ಮೇಲೆ ಕುಳಿತು ಶೂ ಬಿಚ್ಚುತ್ತಿದ್ದರು.

“ನೋಡಿ ಟೀಚರೇ” ಎಂದರು ಅಕ್ಕ ತೃಪ್ತಿಯಿಂದ. “ಭಕ್ತರು ಇದ್ದಾರೆ. ಶುರು ಮಾಡುವವರು ಯಾರೂ ಇರಲಿಲ್ಲ, ಅಷ್ಟೇ.”

೬. ದರ್ಶನ

ಕಾಯಿಯ ವಿಷಯದಲ್ಲಿ ಕಾವಲಿನವಳು ಬಗ್ಗಲಿಲ್ಲ. ಕಂಬಗಳ ಸುತ್ತ ಹಗ್ಗ ಕಟ್ಟಿತ್ತು, ಒಳಗೆ ಕಾಲಿಡುವಂತಿಲ್ಲ. ಆ ಕಲ್ಲಿಗೆ ಏನನ್ನೂ ಕುಟ್ಟುವುದಂತೂ ಅಪರಾಧ.

ಅಕ್ಕ ಕಾಯಿಯನ್ನು ಎದೆಗೊತ್ತಿಕೊಂಡು ಅಳಲಾರಂಭಿಸಿದರು. ಶಮಾಲ್ ಗಾಳಿಯ ದಿನ, ಹರಕೆ, ಬಾಗಿಲು, ಎಲ್ಲವನ್ನೂ ನಾನು ಹೇಳಿದೆ. ಒಂದು ತೆಂಗಿನಕಾಯಿಯ ಪರವಾಗಿ ನಾನು ಅಷ್ಟು ಮಾತನಾಡುತ್ತೇನೆಂದು ಎಂದೂ ಎಣಿಸಿರಲಿಲ್ಲ. ಕಾವಲಿನವಳು ಕೇಳಿ, ಕಣ್ಣೊರೆಸಿಕೊಂಡು, ಗುಡ್ಡದ ಬುಡದ ಸಣ್ಣ ಬೀಚಿನ ಕಡೆ ಬೆರಳು ತೋರಿಸಿದಳು. “ನನ್ನ ತಮ್ಮನೂ ಹಡಗಿನಲ್ಲಿದ್ದಾನೆ. ದೇವಾಲಯ ನಮ್ಮ ಇಲಾಖೆಯದು. ಸಮುದ್ರ ನಮ್ಮ ಇಲಾಖೆಗೆ ಬರುವುದಿಲ್ಲ.”

ಕೆಳಗಿಳಿದೆವು. ಹೊತ್ತಾಯಿತೆಂದು ಅವಸರಪಟ್ಟ ಚಾಲಕ, ಚಕ್ರ ಬಿಚ್ಚುವ ಸ್ಪ್ಯಾನರ್ ತಂದುಕೊಟ್ಟ.

“ದೇವರ ಕಾಯಿಯನ್ನು ಸ್ಪ್ಯಾನರಿನಲ್ಲಿ ಒಡೆಯುವುದಾ? ಎಂತ ಪಂಚರ್ ಆಗಿದೆಯಾ ಅದು?” ಎಂದರು ಅಕ್ಕ ಅಳುವಿನ ನಡುವೆಯೇ.

ಕ್ಯಾಪ್ಟನ್ ಒಂದು ಬಂಡೆಗೆ ಒಂದೇ ಏಟು ಹಾಕಿದರು. ಕಾಯಿ ಸಮನಾಗಿ ಎರಡು ಹೋಳಾಯಿತು. ಅಕ್ಕ ಎರಡನ್ನೂ ಕಡಲಿಗೆ ಎಸೆದು, ಕಣ್ಣು ಮುಚ್ಚಿ, ಮರಳಿನಲ್ಲಿ ಮೊಣಕಾಲೂರಿದರು. “ಬಾಗಿಲು ಇದಲ್ಲ ಅಂತ ನನಗೆ ಗೊತ್ತುಂಟು ದೇವರೇ. ಅಲ್ಲಿಗೆ ಬಿಡಲಿಲ್ಲ. ಇವರ ಮೇಲೆ ಸಿಟ್ಟು ಮಾಡಬೇಡ.”

ಒಂದು ಹೋಳು ತೇಲುತ್ತ ದೂರ ಹೋಯಿತು. ಇನ್ನೊಂದರ ಬಳಿ ನೀರು ಕದಡಿತು. ಆ ನೀರಿನಿಂದ ಮೊದಲು ಒಂದು ಬಿಳಿಯ ತಲೆ, ಬಳಿಕ ಎದೆಯವರೆಗಿನ ಬಿಳಿಯ ಗಡ್ಡ, ಬಳಿಕ ವಿಶಾಲವಾದ ಎರಡು ಭುಜಗಳು ಮೇಲೆದ್ದವು. ಎಪ್ಪತ್ತು ದಾಟಿದ ಆ ಪುರುಷ ನೀರು ಸುರಿಸುತ್ತ ದಡಕ್ಕೆ ನಡೆದು ಬಂದು, ಕೈಯಲ್ಲಿದ್ದ ಹೋಳನ್ನು ಅಕ್ಕನ ಮುಂದೆ ಚಾಚಿದರು.

ಅಕ್ಕ ಕಣ್ಣು ತೆರೆದರು. ಕಾಯಿ ಒಡೆಸಿದವರಿಗೆ ಒಂದು ಹೋಳು ಪ್ರಸಾದವಾಗಿ ಮರಳುವುದು ನಮ್ಮ ಕಡೆಯ ಎಲ್ಲ ದೇವಸ್ಥಾನಗಳ ಪದ್ಧತಿ. ಆಕೆ ಅದನ್ನು ಸೆರಗೊಡ್ಡಿ ಸ್ವೀಕರಿಸಿ, ಆ ಒದ್ದೆ ಪಾದಗಳಿಗೆ ಹಣೆ ಹಚ್ಚಿದರು.

“ನಾನು ಬಾಗಿಲಿಗೆ ಹೋಗಲಿಕ್ಕಾಗಲಿಲ್ಲ ಅಂತ ಅವರೇ ಎದ್ದು ಬಂದರು ಟೀಚರೇ!”

ಗಾಬರಿಗೊಂಡ ಆ ವೃದ್ಧರು ನನ್ನೊಡನೆ ಇಂಗ್ಲಿಷಿನಲ್ಲಿ ಏನೋ ಹೇಳಿದರು.

“ಎಂತ ಹೇಳಿದರು?” ಅಕ್ಕ ತಲೆಯೆತ್ತಿ ನನ್ನ ಮುಖವನ್ನೇ ನೋಡುತ್ತಿದ್ದರು. ಕ್ಯಾಪ್ಟನ್ನರೂ ನೋಡುತ್ತಿದ್ದರು.

ಅವರು ಹೇಳಿದ್ದು ಇದು: ‘ನಾನು ಅಥೆನ್ಸಿನ ಹಲ್ಲಿನ ಡಾಕ್ಟರು. ಸಮುದ್ರಕ್ಕೆ ಕಸ ಎಸೆಯಬಾರದೆಂದು ದಯವಿಟ್ಟು ನಿಮ್ಮ ಗೆಳತಿಗೆ ತಿಳಿಸಿ.’

“ಕಾಣಿಕೆ ಸಂದಿದೆ, ನಿಶ್ಚಿಂತೆಯಿಂದ ಊರಿಗೆ ಹೋಗಿ ಎಂದರು” ಎಂದು ನಾನು ಭಾಷಾಂತರಿಸಿದೆ.

ಅಕ್ಕ ಹಿಂದಿರುಗುವ ದಾರಿಯಲ್ಲಿ ಚಾಲಕನ ರೊಟ್ಟಿಬಳೆಯನ್ನು ಪೂರ್ತಿ ತಿಂದು, ಕ್ಯಾಪ್ಟನ್ನರ ಹೆಗಲಿಗೆ ಒರಗಿ ನಿದ್ರಿಸಿದರು. ಕ್ಯಾಪ್ಟನ್ ಒಂದು ಕೊಲ್ಲಿಯಲ್ಲೂ ವಾಹನ ನಿಲ್ಲಿಸಲಿಲ್ಲ, ಹೆಗಲು ಅಲುಗಾಡಬಾರದಲ್ಲ.

ದುಬೈಗೆ ಮರಳಿದ ವಾರವೇ ನಾನು ಇಗರ್ಜಿಗೆ ಹೋಗಿ ಪಾಪನಿವೇದನೆಯ ಜಾಲರಿಯ ಮುಂದೆ ಮೊಣಕಾಲೂರಿದೆ. ಸುಳ್ಳು ಹೇಳಿದ್ದೇನೆ ಎಂದೆ.

“ಎಷ್ಟು ಬಾರಿ?” ಎಂದು ಕೇಳಿದರು ಫಾದರ್. ಅವರೂ ನಮ್ಮ ಕರಾವಳಿಯವರೇ.

“ಒಂದು ಬಾರಿ, ಫಾದರ್.”

“ನಿಮ್ಮ ಪ್ರಯೋಜನಕ್ಕಾಗಿಯೋ, ಇನ್ನೊಬ್ಬರ ಪರವಾಗಿಯೋ?”

“ಇನ್ನೊಬ್ಬರ ಪರವಾಗಿ.”

“ಯಾರ ಪರವಾಗಿ?”

“ಪೊಸೈಡನ್ ಪರವಾಗಿ, ಫಾದರ್.”

ಜಾಲರಿಯ ಆಚೆ ಕುರ್ಚಿ ಕಿರುಗುಟ್ಟಿತು. ನಾನು ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಫಾದರ್ ಎರಡು ಸಲ ಕೆಮ್ಮಿದರು. ಅದು ಕೆಮ್ಮೇ ಎಂದು ನಾನು ಭಾವಿಸಿದ್ದೇನೆ. ಬಳಿಕ ಗಂಭೀರವಾದ ಧ್ವನಿಯಲ್ಲಿ ಪ್ರಾಯಶ್ಚಿತ್ತ ವಿಧಿಸಿದರು:

“ಮೂರು ನಮೋ ಮರಿಯ ಜಪ ಹೇಳಿ. ಸಮುದ್ರದ ಕಡೆಗೆ ಮಾತ್ರ ಮುಖ ಮಾಡಬೇಡಿ.”