ವಾಡೆಯ ದೆವ್ವದ ಪಾಳಿ

ಭಾಲ್ಕಿಯ ವೈಜಿನಾಥ ಮಾಸ್ತರರು ಹನ್ನೊಂದು ವರ್ಷಗಳಲ್ಲಿ ಹನ್ನೆರಡು ದೆವ್ವಗಳನ್ನು ಇಲ್ಲವೆಂದು ಸಾಬೀತು ಮಾಡಿದ್ದರು. ಒಂದು ಗೂಬೆಯಾಗಿತ್ತು, ಒಂದು ಒಣಹಾಕಿದ ಧೋತರವಾಗಿತ್ತು, ಇನ್ನೊಂದು ಆ ಮನೆಯ ಮಾವನವರೇ ಆಗಿದ್ದರು. ಎಲ್ಲವನ್ನೂ ಬರೆದು ‘ದೆವ್ವ ಸುಳ್ಳು’ ಎಂಬ ಪುಸ್ತಕ ಸಿದ್ಧಮಾಡಿದ್ದರು. ಕೊರತೆ ಒಂದೇ. ಮೊದಲ ಪುಟದ ಮೇಲೆ ಸರ್ಕಾರಿ ಸಾಹೇಬರ ಮೊಹರು ಬೀಳದೆ ತಾನು ಅಚ್ಚಿಗೆ ಕೈಹಾಕುವುದಿಲ್ಲವೆಂದು ಬೀದರಿನ ಛಾಪಖಾನೆಯವನು ಹೇಳಿಬಿಟ್ಟಿದ್ದ. ನಿಜಾಮರ ಸೀಮೆಯಲ್ಲಿ ಮೊಹರಿಲ್ಲದ ಕಾಗದ ಚುರಮುರಿ ಕಟ್ಟುವುದಕ್ಕಷ್ಟೇ ಲಾಯಕ್ಕು.

ಔರಾದದ ಕಡೆ ದೌರೆಯ ಮೇಲೆ, ಊರೂರು ತಪಾಸಣೆಗೆ ಬಂದಿದ್ದ ಶರಫೋದ್ದೀನ ಸಾಹೇಬರು ಮೊಹರು ಒತ್ತಲು ಒಪ್ಪಿದರು, ಒಂದು ಕರಾರಿನ ಮೇಲೆ.

“ಮುಂದಿನ ಹಳ್ಳ್ಯಾಗ ಸಾಹೇಬರು ಇಳಕೊಳ್ಳೋ ಹಳೇ ವಾಡೇದಾಗ ದೆವ್ವ ಅದ ಅಂತಾರ. ನಾಲ್ಕು ವರ್ಷ ಆಯ್ತು, ನಾ ಅಲ್ಲಿ ಮುಕ್ಕಾಂ ಮಾಡಿಲ್ಲ. ನೀವು ಹೋಗಿ ನೋಡ್ರಿ. ಇದ್ರ ಅದ ಅನ್ರಿ, ಇಲ್ಲಾಂದ್ರ ಇಲ್ಲ ಅನ್ರಿ. ಸಂಜಿಗಿ ಬಂದು ಮೊಹರು ಹೊಡಿತೇನಿ.”

ಹದಿಮೂರನೆಯ ಅಧ್ಯಾಯ ತಾನಾಗಿ ಕೈಗೆ ಬಂತೆಂದು ಮಾಸ್ತರರು ಹಿಗ್ಗಿ, ಹಸ್ತಪ್ರತಿಯ ಗಂಟು ಕಂಕುಳಲ್ಲಿ ಇಟ್ಟುಕೊಂಡು ಬೆಳಿಗ್ಗೆಯೇ ಗಾಡಿ ಹತ್ತಿದರು.

ಹಳ್ಳಿಯವರಿಗೆ ಸುದ್ದಿ ಗಾಡಿಗಿಂತ ಮುಂಚೆ ಮುಟ್ಟಿತ್ತು. ಮಡೆಪ್ಪ ಪಾಟೀಲರು ಊರಬಾಗಿಲ ಅಗಸಿಯಲ್ಲೇ ಕೈಮುಗಿದು ನಿಂತಿದ್ದರು. ವಾಡೆಯ ಮಗ್ಗುಲ ಮನೆಯ ಮುದುಕಿ ಜನಾಬಾಯಿ ಮಾಸ್ತರರನ್ನು ರಟ್ಟೆ ಹಿಡಿದು ಒಳಗೆ ಕರೆದೊಯ್ದು, ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು.

“ಉಣ್ರಿ, ಉಂಡು ಹಂಗಽ ಭಾಲ್ಕಿ ದಾರಿ ಹಿಡೀರಿ. ಆ ದೆವ್ವ ಭಾಳ ಕೆಟ್ಟದ್ರಿ. ಸಾಹೇಬರನ್ನ ಕಂಡ್ರಂತೂ ಮೈಮ್ಯಾಲೇ ಬರ್ತದ.”

“ಊರವರಿಗೆ ಏನೂ ಮಾಡಂಗಿಲ್ಲೇನು?”

“ಇಲ್ರಿ, ನಮಗ ಹೊಂದಿಕೊಂಡದ.”

ಇಷ್ಟು ಸಭ್ಯ ದೆವ್ವವನ್ನು ಮಾಸ್ತರರು ಎಲ್ಲೂ ಕಂಡಿರಲಿಲ್ಲ. ಕೈತೊಳೆದವರೇ ವಾಡೆಗೆ ನುಗ್ಗಿದರು. ಮೊದಲ ಮೆಟ್ಟಿಲು ಮುರಿದು ಮೊಣಕಾಲು ತರಚಿತು. ಪಾರಿವಾಳಗಳು ಒಮ್ಮೆಲೇ ಎದ್ದು ತಲೆಯ ರುಮಾಲು ಕೆಡವಿ, ಅದರ ಮೇಲೆ ಹಿಕ್ಕೆ ಹಾಕಿದವು. ಆದರೂ ಬಿಡದೆ ಅಟ್ಟ ಹತ್ತಿದರು. ಅಲ್ಲಿ ಹರಳು ತುಂಬಿದ ಒಂದು ಗಡಿಗೆ ತೂಗುತ್ತಿತ್ತು. ಅದಕ್ಕೆ ಕಟ್ಟಿದ ಹಗ್ಗ ಗೋಡೆಯ ಕಿಂಡಿಯೊಳಗಿಂದ ಆಚೆಗೆ ಹೋಗಿತ್ತು. ಮಾಸ್ತರರು ಹಗ್ಗ ಜಗ್ಗಿದರು. ಗಡಿಗೆ ಗಡಗಡ ಎಂದಿತು.

ಗೋಡೆಯ ಆಚೆಯಿಂದ ಜನಾಬಾಯಿಯ ದನಿ ಬಂತು. “ಯಾವನಲೇ ಅವ? ಈ ವಾರ ಪಾಟೀಲರ ಮನಿ ಪಾಳಿ, ನಮ್ದಲ್ಲ!”

ಅರ್ಧ ಗಳಿಗೆಯಲ್ಲಿ ಊರಿಗೆ ಊರೇ ವಾಡೆಯ ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿತು. ಕಾಲುವೆ ನೀರಿನ ಹಾಗೆ ದೆವ್ವಕ್ಕೂ ಪಾಳಿ ಇಟ್ಟಿದ್ದರು, ಹಗ್ಗ ಜಗ್ಗಲು ವಾರಕ್ಕೊಂದು ಮನೆ.

“ಏನು ಮಾಡೋದ್ರಿ ಮಾಸ್ತರ? ಹಿಂದಿನ ಸಾಹೇಬರು ಹತ್ತೊಂಬತ್ತು ದಿನ ಇದ್ರು. ಮಂಚ ನಮ್ದು, ಕಟಗಿ ನಮ್ದು, ತುಪ್ಪ ನಮ್ದು. ಊರಾಗ ಮುಂಜಾನೆ ಕೂಗ್ಲಿಕ್ಕೆ ಒಂದು ಹುಂಜ ಉಳೀಲಿಲ್ರಿ,” ಎಂದರು ಪಾಟೀಲರು.

“ನನ್ನ ಆಡು ಒಯ್ದ್ರು,” ಎಂದಳು ಜನಾಬಾಯಿ. “ಗಬ್ಬದ ಆಡು. ಒಯ್ಯಬ್ಯಾಡ್ರಿ ಅಂತ ಹಿಂದ ಹಿಂದ ಅಳ್ಕೋತ ಹೋಗೇನಿ.”

ಸತ್ಯ ಹೇಳಿದರೆ ಪುಸ್ತಕ ಉಳಿಯುತ್ತದೆ, ಹುಂಜಗಳು ಉಳಿಯುವುದಿಲ್ಲ. ಮಾಸ್ತರರು ಮಧ್ಯಾಹ್ನವೆಲ್ಲ ಕಟ್ಟೆಯ ಮೇಲೆ ಕುಳಿತು ಯೋಚಿಸಿದರು. ಹನ್ನೊಂದು ವರ್ಷ ಹೆಂಡತಿ ಅನುಸೂಯಾಬಾಯಿಯ ಬೈಗುಳ ತಿಂದು ಬರೆದದ್ದು. ಆದರೆ ಹೊಟ್ಟೆಯಲ್ಲಿದ್ದ ರೊಟ್ಟಿ ಆ ಮುದುಕಿಯದು. ಅವರಿಗೆ ಅಳುವೇ ಬಂತು.

ಸಂಜೆಗೆ ಸಾಹೇಬರ ಕುದುರೆ, ಅದರ ಹಿಂದೆ ಮೂರು ಗಾಡಿ ಬಂದವು.

“ಬೋಲೋ ಮಾಸ್ತರ್, ಅದ ಏನು?”

ಮಾಸ್ತರರು ಗಂಟನ್ನು ಎದೆಗೆ ಒತ್ತಿಕೊಂಡರು. “ಅದ ಹುಜೂರ್. ಕಣ್ಣಾರೆ ನೋಡೇನಿ. ಈ ಪುಸ್ತಕ ಹಾಳಾದ್ರೂ ಆಗ್ಲಿ, ವಾಡೇದಾಗ ದೆವ್ವ ಅದ.”

ಜನಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾಹೇಬರು ಮಾತ್ರ ಕುದುರೆಯಿಂದ ಹಾರಿ ಇಳಿದು ಮಾಸ್ತರರನ್ನು ತಬ್ಬಿಕೊಂಡರು.

“ಶಾಬಾಶ್! ನಾಲ್ಕು ವರ್ಷದಿಂದ ಇದನ್ನೇ ಕಾಯ್ತಿದ್ದೆ. ತಾ ಇಲ್ಲಿ ನಿನ್ನ ಕಿತಾಬು!”

ಮೊದಲ ಪುಟದ ಮೇಲೆ ಉರ್ದುವಿನಲ್ಲಿ ನಾಲ್ಕು ಸಾಲು ಗೀಚಿ, ಮೊಹರು ಒತ್ತಿದರು. ಮಾಸ್ತರರು ಓದಿದರು. ‘ಈ ವಿದ್ವಾಂಸರು ವಾಡೆಯಲ್ಲಿ ದೆವ್ವವನ್ನು ಖುದ್ದಾಗಿ ಕಂಡಿದ್ದಾರೆ. ವಾಡೆ ವಾಸಕ್ಕೆ ಯೋಗ್ಯವಲ್ಲ.’ ಕೆಳಗೆ ‘ದೆವ್ವ ಸುಳ್ಳು’ ಎಂಬ ಅವರದೇ ದುಂಡಕ್ಷರದ ಹೆಸರು, ಅದರ ಮೇಲೆಯೇ ಮೊಹರಿನ ಅರ್ಧ.

“ವಾಡೆ ಇದ್ದ ಊರಾಗ ಡೇರಾ ಹೊಡೀಬಾರದು ಅಂತ ಹುಕುಂ ಅದ,” ಎಂದರು ಸಾಹೇಬರು ಖುಷಿಯಿಂದ. “ಒಳಗ ಮಲಗ್ಲಿಕ್ಕೆ ಅಂಜಿಕಿ, ಹೊರಗ ಮಲಗ್ಲಿಕ್ಕೆ ಪರವಾನಗಿ ಇಲ್ಲ. ಅದಕ್ಕಽ ಈ ಊರು ಬಿಟ್ಟು ಹೋಗ್ತಿದ್ದೆ. ಈಗ ವಾಡೆ ವಾಸಕ್ಕಲ್ಲ ಅನ್ನೋ ಪುರಾವೆ ಸಿಕ್ತು, ಡೇರಾ ಹೊಡೀಬಹುದು. ಏ, ಇಳಸ್ರಿ ಡೇರಾ! ಪಾಟೀಲ್, ಒಂದು ತಿಂಗಳು ಇಲ್ಲೇ ಮುಕ್ಕಾಂ.”

ಮಾಸ್ತರರು ಓಡಿಹೋಗಿ ಕಾಲು ಹಿಡಿದರು. “ಹುಜೂರ್, ಸುಳ್ಳು ಹೇಳೇನಿ! ದೆವ್ವ ಇಲ್ರಿ, ಗಡಿಗಿ ಅದ!”

“ಪಾಪ, ಗಾಬರಿ ಆಗ್ಯಾರ. ನೀರು ಕೊಡ್ರಿ,” ಎಂದು ಸಾಹೇಬರು ಬೆನ್ನು ಸವರಿದರು.

ಜನಾಬಾಯಿಯ ಅಂಗಳದಲ್ಲಿ ಗೂಟ ಬಡಿಯುವ ಸದ್ದು ಶುರುವಾಯಿತು. ಜವಾನರು ಹುಂಜಗಳ ಹಿಂದೆ ಬಿದ್ದರು. ಊರವರು ಮಾಸ್ತರರನ್ನು ಸುತ್ತುಗಟ್ಟಿ ನಿಂತರು. ಜನಾಬಾಯಿ ಗಡಿಗೆಯನ್ನೂ ಹಗ್ಗವನ್ನೂ ತಂದು ಅವರ ಕೈಗಿಟ್ಟಳು.

“ಡೇರಾಕ್ಕ ಇದನ್ನ ಎಲ್ಲಿ ಕಟ್ಟಬೇಕೋ ನೀವಽ ನೋಡ್ರಿ ಮಾಸ್ತರ. ಈ ತಿಂಗಳಿಡೀ ಪಾಳಿ ನಿಮ್ದು.”