ಬುಧವಾರ ಡಾಕ್ಟರೇ ಕೊಂದದ್ದು

ಇಪ್ಪತ್ತೊಂಬತ್ತು ವರ್ಷಗಳಿಂದ ತೀರ್ಪಿಲ್ಲದೆ ಬಿದ್ದಿದ್ದ ಒಂದು ಕೊಲೆ ಕೇಸನ್ನು ಬರುವ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ತಮ್ಮ ಮನೆಯ ಹಾಲಿನಲ್ಲೇ ಇತ್ಯರ್ಥ ಮಾಡಿಬಿಡುವುದೆಂದು ನಮ್ಮ ಟೈಲರ್ ಯಜಮಾನರು ಪಣ ತೊಟ್ಟರು. ತೊಟ್ಟದ್ದನ್ನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಸಾರಿದರು. ಅವರ ಸೊಂಟಕ್ಕೆ ಟೇಪು ಸುತ್ತಿ ಹಿಡಿದುಕೊಂಡೇ ಹೇಳುತ್ತಿದ್ದುದರಿಂದ ಯಾರಿಗೂ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

ಕೊಲೆ ನಡೆದದ್ದು ಒಂದು ಹಳೇ ಕಪ್ಪು-ಬಿಳುಪು ಸಿನಿಮಾದಲ್ಲಿ. ಹ್ಯಾಟು ಹಾಕಿದ ಪತ್ತೇದಾರ, ಸಿಗರೇಟಿನ ಹೊಗೆ, ಮೆಟ್ಟಿಲ ಮೇಲೆ ಮನುಷ್ಯನಿಗಿಂತ ಉದ್ದದ ನೆರಳು, ಮೊದಲ ಐದು ನಿಮಿಷದಲ್ಲೇ ಒಬ್ಬ ವಜ್ರದ ವ್ಯಾಪಾರಿಯ ಹೆಣ. ಮದುವೆಗೆ ಮುಂಚೆ ಯಜಮಾನರು ಅದನ್ನು ತಮ್ಮೂರಿನ ಟಾಕೀಸಿನಲ್ಲಿ ನೋಡಿದ್ದರು. ಅವರ ಹೆಂಡತಿ ಟೀಚರಮ್ಮ ತಮ್ಮೂರಿನ ಟಾಕೀಸಿನಲ್ಲಿ ನೋಡಿದ್ದರು. ಇವರ ಪ್ರಕಾರ ಕೊಂದವನು ಡಾಕ್ಟರ್, ಆಕೆಯ ಪ್ರಕಾರ ಸತ್ತವನ ಹೆಂಡತಿ. ಆ ಮನೆಯಲ್ಲಿ ನಲ್ಲಿ ಸೋರಿದರೂ, ಕೊಡೆ ಕಳೆದರೂ, ಜಗಳ ಕೊನೆಗೆ ವಜ್ರದ ವ್ಯಾಪಾರಿಯ ಹೆಣದ ಹತ್ತಿರವೇ ಬಂದು ನಿಲ್ಲುತ್ತಿತ್ತು.

"ಕಣ್ಣೆದುರಿಗಿದ್ದ ಡಾಕ್ಟರನ್ನ ಬಿಟ್ಟು ಆ ಪಾಪದ ಹೆಂಗಸಿನ ಮೇಲೆ ಗೂಬೆ ಕೂರಿಸಿದವಳು ನೀನು. ನಿನ್ನ ಮಾತು ನಂಬಿ ಕೊಡೆ ಎಲ್ಲಿ ಹುಡುಕಲಿ?"

"ಆಕೆ ಪಿಸ್ತೂಲು ತೆಗೆಯೋ ಹೊತ್ತಿಗೆ ನೀವು ಗೊರಕೆ ಹೊಡೀತಿದ್ರಿ. ಕೊಡೆ ಕಳೆದಾಗಲೂ ಅಷ್ಟೇ ಎಚ್ಚರ ಇದ್ದಿರಬೇಕು."

ಈಗ ಆ ಸಿನಿಮಾ ಗೀರು-ಕಲೆ ತೆಗೆಸಿಕೊಂಡು ಡಿಸ್ಕಿನಲ್ಲಿ ಬಿಡುಗಡೆಯಾಗಿತ್ತು. ಟೀಚರಮ್ಮನೇ ತಂದರು. ಪ್ಲಾಸ್ಟಿಕ್ ಹಾಳೆ ಸುತ್ತಿದ ಡಬ್ಬಿಯನ್ನು ಟೀವಿ ಪಕ್ಕದಲ್ಲಿಟ್ಟು ಕರಾರು ಹಾಕಿದರು. ಭಾನುವಾರದವರೆಗೆ ಯಾರೂ ಅದನ್ನು ಬಿಚ್ಚಕೂಡದು. ಸೋತವರು ಜೀವನಪೂರ್ತಿ ಬೆಳಗಿನ ಚಹಾ ಮಾಡಬೇಕು. ತೀರ್ಪುಗಾರ, ಟೀಚರಮ್ಮನ ಲಾರಿ ಡ್ರೈವರ್ ತಮ್ಮ.

ಬುಧವಾರದ ಹೊತ್ತಿಗೆ ಯಜಮಾನರ ತಲೆಯಲ್ಲಿ ಹುಳ ಹೊಕ್ಕಿತು. ಅಕಸ್ಮಾತ್ ಡಾಕ್ಟರ್ ಕೊಂದಿಲ್ಲದಿದ್ದರೆ? ಐದೂವರೆಗೆ ಎದ್ದು ಒಲೆ ಹಚ್ಚುವುದು ಒತ್ತಟ್ಟಿಗಿರಲಿ, ಟೇಪು ಸುತ್ತಿಸಿಕೊಂಡ ಗಿರಾಕಿಗಳಿಗೆ ಯಾವ ಮುಖ ತೋರಿಸುವುದು? ಹೆಂಡತಿ ಶಾಲೆಗೆ ಹೋದಮೇಲೆ ಅಂಗಡಿಯ ಬಾಗಿಲೆಳೆದು ಮನೆಗೆ ಬಂದು, ಹೊಲಿಗೆ ಬಿಚ್ಚುವ ಸಣ್ಣ ಕತ್ತಿಯಿಂದ ಪ್ಲಾಸ್ಟಿಕ್ಕಿನ ಒಂದು ತುದಿಯನ್ನು ನಾಜೂಕಾಗಿ ಬಿಡಿಸಿದರು.

ಡಿಸ್ಕು ಹಾಕಿದೊಡನೆ ತೆರೆಯ ಮೇಲೆ ಎರಡು ಸಾಲು ಮೂಡಿತು: ಮೊದಲನೇ ಅಂತ್ಯ, ಎರಡನೇ ಅಂತ್ಯ. ಎರಡನ್ನೂ ನೋಡಿದರು. ಮೊದಲನೆಯದರಲ್ಲಿ ಡಾಕ್ಟರ್ ಕೊಂದಿದ್ದ. ಎರಡನೆಯದರಲ್ಲಿ ಹೆಂಡತಿ ಕೊಂದಿದ್ದಳು. ಆ ಕಾಲದಲ್ಲಿ ಒಂದೂರಿಗೆ ಒಬ್ಬ ಕೊಲೆಗಾರನನ್ನು, ಇನ್ನೊಂದೂರಿಗೆ ಇನ್ನೊಬ್ಬಳನ್ನು ಕಳಿಸಿಕೊಟ್ಟಿದ್ದರು ಪುಣ್ಯಾತ್ಮರು!

ಸಂಜೆ ಹೆಂಡತಿಗೆ ಹೇಳಿ ನಕ್ಕುಬಿಡಬಹುದಿತ್ತು. ಹಾಗೆಂದು ಹತ್ತು ನಿಮಿಷ ಯೋಚಿಸಿದ್ದೂ ಉಂಟು. ಆದರೆ ಇಪ್ಪತ್ತೊಂಬತ್ತು ವರ್ಷ ಹೋರಾಡಿ ಕೊನೆಗೆ ಸಮ-ಸಮ ಎನ್ನುವುದು ಯಜಮಾನರ ಜಾಯಮಾನವಲ್ಲ. ಭಾನುವಾರ ರಿಮೋಟು ತಮ್ಮ ಕೈಯಲ್ಲೇ ಇರಬೇಕು, ಆ ಎರಡು ಸಾಲು ಯಾರ ಕಣ್ಣಿಗೂ ಬೀಳುವ ಮುಂಚೆ ಮೊದಲನೆಯದನ್ನು ಒತ್ತಿಬಿಡಬೇಕು. ಹೀಗೆ ನಿರ್ಧರಿಸಿ, ಬಿಡಿಸಿದ ತುದಿಯ ಮೇಲೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿದರು. ತುದಿಯೇನೋ ಕೂಡಿಕೊಂಡಿತು, ಆದರೆ ಹಾಳೆ ಶಾಖಕ್ಕೆ ಬಿಗಿದು ಡಬ್ಬಿ ಬಿಲ್ಲಿನಂತೆ ಬಾಗಿತು.

"ಡಬ್ಬಿ ಯಾಕೆ ಸೊಟ್ಟಗಿದೆ?" ಎಂದು ಟೀಚರಮ್ಮ ಕೇಳಿದರು.

"ಹಳೇ ಸಿನಿಮಾ ಅಲ್ವಾ, ವಯಸ್ಸಾಗಿದೆ" ಎಂದರು ಯಜಮಾನರು.

ಭಾನುವಾರ ಬಂತು. ತೆರೆಯ ಮುಂದೆ ತಾವು ಅಡ್ಡ ನಿಂತದ್ದು ಕಾಣಬಾರದೆಂದು ಯಜಮಾನರು ಕಿಟಕಿಗಳಿಗೆಲ್ಲ ಕೋಟಿನ ಕಪ್ಪು ಬಟ್ಟೆ ಬಿಗಿದರು.

"ಭಾವ, ನಂಗೆ ನನ್ನ ಕೈಯೇ ಕಾಣ್ತಿಲ್ಲ" ಎಂದ ಭಾವಮೈದುನ.

"ನೀನು ಬಂದಿರೋದು ಸಿನಿಮಾ ನೋಡೋಕೆ, ಕೈ ನೋಡೋಕಲ್ಲ."

ಆದರೆ ಆ ಕತ್ತಲಲ್ಲಿ ರಿಮೋಟಿನ ಗುಂಡಿಗಳೂ ಕಾಣುತ್ತಿರಲಿಲ್ಲ. ಟೀವಿಗೆ ಬೆನ್ನು ಕೊಟ್ಟು, ಕೆಮ್ಮಿನ ನೆಪದಲ್ಲಿ ತೆರೆ ಮರೆಮಾಡಿ, ತಡವರಿಸಿ ಒಂದು ಗುಂಡಿ ಒತ್ತಿದರು. ಸಿನಿಮಾ ಶುರುವಾಯಿತು. ಯಜಮಾನರು ಗೆದ್ದವರಂತೆ ಕಾಲು ಚಾಚಿ ಕುಳಿತರು. ಒಂದೂಮುಕ್ಕಾಲು ಗಂಟೆ ಕಳೆಯಿತು. ಡಾಕ್ಟರ್ ಮೆಟ್ಟಿಲು ಹತ್ತಬೇಕಾದ ಜಾಗದಲ್ಲಿ ಹತ್ತಲಿಲ್ಲ. ಸತ್ತವನ ಹೆಂಡತಿ ಮೆಲ್ಲಗೆ ಕೈಚೀಲದ ಬಾಯಿ ತೆರೆದಳು. ಯಜಮಾನರು ಕುರ್ಚಿಯಿಂದ ಹಾರಿದರು.

"ಇದಲ್ಲ, ಇದು ಎರಡನೇದು! ಬುಧವಾರ ಡಾಕ್ಟರೇ ಕೊಂದಿದ್ದ!"

ತೆರೆಯ ಮೇಲೆ ಗುಂಡಿನ ಸದ್ದಾಯಿತು. ಭಾವಮೈದುನ ಎದ್ದು ಕಿಟಕಿಯ ಕಪ್ಪು ಬಟ್ಟೆಯನ್ನು ಕಿತ್ತ. ಬಿಸಿಲು ನೇರ ಯಜಮಾನರ ಮುಖಕ್ಕೇ ಬಡಿಯಿತು.

"ಬುಧವಾರ ಅಂದ್ರೆ, ಭಾವ?"

ಯಜಮಾನರು ಹಲ್ಲು ಗಿಂಜಿದರು. ಟೀಚರಮ್ಮ ಸೊಟ್ಟ ಡಬ್ಬಿಯನ್ನು ತಿರುಗಿಸಿ ಗಂಡನ ಕೈಗಿಟ್ಟರು. ಅದರ ಬೆನ್ನ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: 'ಊರೂರಿಗೆ ಬೇರೆ ಬೇರೆಯಾಗಿ ತೆರೆಕಂಡ ಎರಡೂ ಅಂತ್ಯಗಳು, ಮೊದಲ ಬಾರಿಗೆ ಒಂದೇ ಡಿಸ್ಕಿನಲ್ಲಿ.'

"ನಿನಗೆ ಮೊದಲೇ ಗೊತ್ತಿತ್ತಾ?"

"ಅಂಗಡಿಯಲ್ಲೇ ಓದಿದ್ದೆ. ನಾನೇನೂ ಮುಚ್ಚಿಡಲಿಲ್ಲ, ಡಬ್ಬಿ ನಿಮ್ಮ ಕಣ್ಣೆದುರೇ ಇತ್ತು. 'ನೀನು ಹೇಳಿದ್ದೂ ನಿಜ ಕಣೇ' ಅಂತ ಒಂದು ಸಲ ನಿಮ್ಮ ಬಾಯಲ್ಲಿ ಕೇಳಬೇಕು ಅಂತಿತ್ತು, ಅಷ್ಟೇ."

ಯಜಮಾನರಿಗೆ ನಿಜಕ್ಕೂ ನಾಚಿಕೆಯಾಯಿತು. ತಲೆ ತಗ್ಗಿಸಿ, "ನೀನು ಹೇಳಿದ್ದೂ ನಿಜ ಕಣೇ" ಎಂದರು. ಆಮೇಲೆ ತಲೆ ಕೊಂಚ ಎತ್ತಿ, "ಹಾಗಾದರೆ ಇಬ್ಬರೂ ಗೆದ್ದ ಹಾಗೆ. ಚಹಾ ದಿನಕ್ಕೊಬ್ಬರು ಮಾಡೋಣವೇ?" ಎಂದು ಕೇಳಿದರು.

ಟೀಚರಮ್ಮ ಕನ್ನಡಕ ಸರಿಪಡಿಸಿಕೊಂಡರು.

"ಪ್ರತಿ ಪರೀಕ್ಷೆಯಲ್ಲೂ ಮಕ್ಕಳಿಗೆ ಹೇಳ್ತೀನಿ, ಪ್ರಶ್ನೆಪತ್ರಿಕೆ ತಿರುಗಿಸಿ ಹಿಂದೆ ಏನಿದೆ ನೋಡಿ ಅಂತ. ಅದನ್ನೂ ನೋಡದೆ ನಕಲು ಹೊಡೆದವರಿಗೆ ನಮ್ಮಲ್ಲಿ ಸೊನ್ನೆ. ನಾಳೆ ಐದೂವರೆಗೆ ಏಳಿ. ನನಗೆ ಸಕ್ಕರೆ ಒಂದೇ ಚಮಚ."