ನಗರಪಿತರ ದಾನಪತ್ರ

ಈ ನಗರಕ್ಕೆ ಯಾರ ಹೆಸರಿಡಲಾಗಿದೆಯೋ ಆ ಮಹನೀಯರು ತಮ್ಮ ಎಪ್ಪತ್ತೊಂದು ವರ್ಷಗಳ ಜೀವಿತಾವಧಿಯಲ್ಲಿ ಯಾವುದೇ ತಪ್ಪು ಮಾಡಿರುವುದಿಲ್ಲ. ಇದು ನಗರಸಭೆಯ ದಾಖಲೆಗಳಿಂದ ದೃಢಪಟ್ಟಿದೆ; ದಾಖಲೆಗಳನ್ನು ಅವರೇ ಬರೆಸಿದ್ದರಿಂದ ಅನುಮಾನಕ್ಕೆ ಎಡೆಯಿಲ್ಲ. ಅವರ ಹೆಸರನ್ನು ಎದ್ದು ನಿಂತೇ ಹೇಳಬೇಕೆಂದು ನಿಯಮವಿದೆ. ಓದುಗರು ಕೂತಿರುವ ಸಂಭವವೇ ಹೆಚ್ಚಾದ್ದರಿಂದ ಇಲ್ಲಿ ಅವರನ್ನು ನಗರಪಿತರು ಎಂದಷ್ಟೇ ಕರೆಯಲಾಗಿದೆ. ಅವರು ತಮ್ಮ ಸರ್ವಸ್ವವನ್ನೂ ನಗರಕ್ಕೆ ದಾನ ಮಾಡಿದರೆಂದು ಮೂರನೇ ತರಗತಿಯ ಪಾಠದಲ್ಲಿದೆ. ಏನು ದಾನ ಮಾಡಿದರೆಂದು ಪಾಠದಲ್ಲಿಲ್ಲ.

ನಗರಸಭೆಯ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಒಬ್ಬ ತಾತ್ಕಾಲಿಕ ಗುಮಾಸ್ತನಿದ್ದ. ಆರು ತಿಂಗಳಿಗೊಮ್ಮೆ ಶುಕ್ರವಾರ ಸಂಜೆ ಅವನನ್ನು ಕೆಲಸದಿಂದ ತೆಗೆದು, ಸೋಮವಾರ ಬೆಳಿಗ್ಗೆ ಹೊಸಬನೆಂದು ಸೇರಿಸಿಕೊಳ್ಳುತ್ತಿದ್ದರು. ಖಾಯಂ ಆಗುವ ಆಸೆಯಲ್ಲಿ ಅವನ ತಲೆಯ ಕೂದಲೆಲ್ಲ ಹೋಗಿತ್ತು. ಹೆಂಡತಿಗೆ ಆಸ್ತಮಾ. ನಗರಸಭೆ ಆಸ್ಪತ್ರೆಯ ಚೀಟಿ ಖಾಯಂ ನೌಕರರ ಮನೆಯವರಿಗಷ್ಟೇ ಸಿಗುತ್ತಿತ್ತು. ಅವಳು ಉಸಿರಿಗಾಗಿ ಒದ್ದಾಡುವಾಗಲೆಲ್ಲ ಅವನಿಗೆ ತನ್ನ ಮೇಲೆಯೇ ಅಸಹ್ಯವಾಗುತ್ತಿತ್ತು.

ನಗರಕ್ಕೆ ಮುನ್ನೂರು ವರ್ಷ ತುಂಬುವ ಸಮಾರಂಭಕ್ಕೆ ನಗರಪಿತರ ಸ್ವಹಸ್ತದ ಕಾಗದವೊಂದನ್ನು ಹುಡುಕಿ ಕೊಡುವಂತೆ ಆಯುಕ್ತರಿಂದ ಆದೇಶ ಬಂತು. ಗುಮಾಸ್ತ ಹನ್ನೊಂದು ದಿನ ಧೂಳು ಕುಡಿದು ಆ ಸುಪ್ರಸಿದ್ಧ ದಾನಪತ್ರವನ್ನೇ ಹುಡುಕಿ ತೆಗೆದ. ಅದರಲ್ಲಿ ಭೂಮಿ ಇರಲಿಲ್ಲ, ಬಂಗಾರವೂ ಇರಲಿಲ್ಲ. ನದಿ ದಂಡೆಯಿಂದ ಹಿಡಿದು ತಂದ ದೋಣಿಗಾರರ ನಲವತ್ತು ಕುಟುಂಬಗಳನ್ನು, ಹುಟ್ಟಿದ ಮತ್ತು ಹುಟ್ಟಲಿರುವ ಸಂತಾನ ಸಮೇತ, ಕೋಟೆಗೆ ಕಲ್ಲು ಹೊರಲು ಆಚಂದ್ರಾರ್ಕವಾಗಿ ನಗರಕ್ಕೆ ಕೊಡಲಾಗಿತ್ತು. ಓಡಿಹೋದವರ ಹಿಮ್ಮಡಿಯ ನರ ಕೊಯ್ಯತಕ್ಕದ್ದು ಎಂದು ಕೊನೆಯಲ್ಲಿ ಮುದ್ದಾದ ಅಕ್ಷರಗಳಲ್ಲಿ ಬರೆದಿತ್ತು.

ಪತ್ರದಲ್ಲಿದ್ದ ಆ ಕುಟುಂಬಗಳ ಪಟ್ಟಿಯಲ್ಲಿ ಎಂಟನೇ ಹೆಸರು ಗುಮಾಸ್ತನ ಮನೆತನದ್ದು. ಅವನು ಹುಟ್ಟಿ ಬೆಳೆದದ್ದು ದೋಣಿಗಾರರ ಓಣಿಯಲ್ಲೇ. ಆ ಹೆಸರನ್ನು ಅವನು ಮೂರು ಸಲ ಓದಿದ. ಆಮೇಲೆ ಮೇಜಿನ ಮೇಲೆ ಯಾವ ಕಾಗದ ಕಂಡರೂ ಮಾಡುವುದನ್ನೇ ಮಾಡಿದ. ಅವತ್ತಿನ ತಾರೀಖಿನ ಆವಕ ಮೊಹರು ಒತ್ತಿ, ನಂಬರ್ ಹಾಕಿಬಿಟ್ಟ.

ಆಯುಕ್ತರ ಮುಂದೆ ನಿಂತು ಅವನು ಕೇಳಿದ್ದು ಇಷ್ಟೇ.

"ಸಾರ್, ಇವರೆಲ್ಲ ನಮ್ಮೋರು. ಪ್ರತಿಮೆ ಕೆಳಗೆ ಇವರ ಬಗ್ಗೆ ಒಂದು ಸಾಲು ಕೆತ್ತಿಸಿದ್ರೆ ಸಾಕು."

ಆಯುಕ್ತರು ಕಾಗದವನ್ನು ಓದಲಿಲ್ಲ, ಮೊಹರನ್ನು ಓದಿದರು. "ನಂಬರ್ ಕೊಟ್ಟಿದ್ದು ಯಾರು?"

"ನಾನೇ ಸಾರ್. ಕೈ ಅಭ್ಯಾಸ."

"ಹಾಗಾದ್ರೆ ಮುಗೀತು. ಮೂವತ್ತು ದಿನದಲ್ಲಿ ವಿಲೇವಾರಿ ಆಗ್ಲೇಬೇಕು."

ನಂಬರ್ ಬಿದ್ದ ಕಾಗದ ಮುನ್ನೂರು ವರ್ಷದ್ದಾದರೂ ಚಾಲ್ತಿಯ ಕಡತವೇ ಎಂಬುದು ಆ ಕಚೇರಿಯ ಪದ್ಧತಿ. ಹಾಕಿದ ನಂಬರ್ ಅಳಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಆದ್ದರಿಂದ ಮೂವರ ಸಮಿತಿ ರಚನೆಯಾಯಿತು. ಎದುರುದಾರರ ಹೇಳಿಕೆ ಪಡೆಯದೆ ಮುಂದುವರಿಯುವಂತಿಲ್ಲವಾದ್ದರಿಂದ ನಗರಪಿತರ ಪ್ರತಿಮೆಗೆ ನೋಟಿಸ್ ಅಂಟಿಸಿ ಹದಿನೈದು ದಿನ ಕಾಲಾವಕಾಶ ಕೊಡಲಾಯಿತು. ಜವಾನ ದಿನಾ ಹೋಗಿ ನೋಡಿಕೊಂಡು ಬಂದು, ಸದರಿಯವರು ಕುದುರೆ ಮೇಲೆ ಕುಳಿತಿದ್ದು ಏನನ್ನೂ ಹೇಳುತ್ತಿಲ್ಲವೆಂದು ಲಿಖಿತ ವರದಿ ಕೊಟ್ಟ. ಮೌನವೇ ಸಮ್ಮತಿಯೆಂದು ಸಮಿತಿ ದಾಖಲಿಸಿತು.

ಆಮೇಲೆ ಕಾನೂನು ಅಧಿಕಾರಿ ಕಡತ ಕೈಗೆತ್ತಿಕೊಂಡರು. ನಗರಪಿತರು ತಪ್ಪು ಮಾಡಿಲ್ಲವೆಂಬುದು ಈಗಾಗಲೇ ದೃಢಪಟ್ಟ ಸಂಗತಿ. ಆದಕಾರಣ ಅವರು ಮಾಡಿದ ದಾನ ತಪ್ಪಲ್ಲ. ತಪ್ಪಲ್ಲದ ದಾನವನ್ನು ಯಾರೂ ರದ್ದು ಮಾಡಿಲ್ಲ. ರದ್ದಾಗದ್ದು ಜಾರಿಯಲ್ಲಿರುತ್ತದೆ. ಸಮಾರಂಭದ ಮುನ್ನಾದಿನ ಹೊರಬಿದ್ದ ಪ್ರಕಟಣೆ ಹೀಗಿತ್ತು:

"ದೋಣಿಗಾರರ ಓಣಿಯ ಇನ್ನೂರ ಆರು ಮಂದಿ ನಗರಸಭೆಯ ಸ್ವತ್ತಾಗಿರುತ್ತಾರೆಂದು ಸಾರ್ವಜನಿಕರಿಗೆ ತಿಳಿಯಪಡಿಸಲಾಗಿದೆ. ಇವರನ್ನು ಗೀಚುವುದು, ಇವರ ಮೇಲೆ ಭಿತ್ತಿಪತ್ರ ಅಂಟಿಸುವುದು ಶಿಕ್ಷಾರ್ಹ. ಆಕ್ಷೇಪಣೆಗಳಿದ್ದಲ್ಲಿ ಸ್ವತ್ತಿನ ಮಾಲೀಕರ ಮೂಲಕ ಸಲ್ಲಿಸತಕ್ಕದ್ದು."

ಗುಮಾಸ್ತ ಪ್ರಕಟಣೆ ಹಿಡಿದುಕೊಂಡು ಕಾನೂನು ಅಧಿಕಾರಿಯ ಕೋಣೆಗೆ ಹೋದ. ಕೂಗಾಡಿಬಿಡಬೇಕೆಂದೇ ಹೋಗಿದ್ದ. ಆದರೆ ಹತ್ತೊಂಬತ್ತು ವರ್ಷದಿಂದ ಬಾಯಲ್ಲಿದ್ದ ಪ್ರಶ್ನೆಯೇ ಮೊದಲು ಹೊರಗೆ ಬಂತು.

"ಹಾಗಾದ್ರೆ ಈ ಶುಕ್ರವಾರ ನನ್ನ ತೆಗೀತೀರಾ, ಇಲ್ವಾ?"

"ಅದು ಹೇಗ್ರೀ ತೆಗೆಯೋಕಾಗತ್ತೆ? ಮೇಜು ಕುರ್ಚಿಗಳನ್ನ ಆರು ತಿಂಗಳಿಗೊಮ್ಮೆ ಹೊರಗೆ ಹಾಕ್ತೀವಾ? ಸೂರ್ಯ ಚಂದ್ರ ಇರೋವರೆಗೂ ನೀವು ಇಲ್ಲೇ."

ಗುಮಾಸ್ತ ಪ್ರಕಟಣೆಯನ್ನು ಮಡಚಿ ಜೇಬಿಗಿಟ್ಟುಕೊಂಡ. ನಂತರ ಥ್ಯಾಂಕ್ಸ್ ಹೇಳಿ ಹೊರಬಂದ.

ಮನೆಯಲ್ಲಿ ಹೆಂಡತಿ ಪೂರ್ತಿ ವಿಷಯ ಕೇಳಿಸಿಕೊಂಡಳು. ಹಿಮ್ಮಡಿಯ ನರದ ಮಾತು ಬಂದಾಗ ಕಣ್ಣಲ್ಲಿ ನೀರು ತಂದುಕೊಂಡಳು. ಕೊನೆಗೆ, "ಆಸ್ಪತ್ರೆ ಚೀಟಿ ಸಿಗತ್ತಾ?" ಎಂದಳು. ಸ್ವತ್ತಿಗೂ ಅದಕ್ಕೆ ಜೋಡಿಸಿದ್ದಕ್ಕೂ ದುರಸ್ತಿ ವಿಭಾಗದಿಂದಲೇ ಸಿಗುತ್ತದೆಂದು ಅವನು ಸಮಾಧಾನ ಹೇಳಿದ. ಅವತ್ತು ಅವಳು ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದಳು.

ಸಮಾರಂಭದಲ್ಲಿ ಪ್ರತಿಮೆಯ ಕೆಳಗೆ ಅವನು ಕೇಳಿದ್ದ ಸಾಲೂ ಅನಾವರಣಗೊಂಡಿತು. "ನಲವತ್ತು ಕುಟುಂಬಗಳಿಗೆ ಶಾಶ್ವತ ಉದ್ಯೋಗ ಕಲ್ಪಿಸಿದ ಮಹಾದಾನಿ" ಎಂದು ಕೆತ್ತಿದ್ದರು. ಕರಡು ತಿದ್ದಿಕೊಟ್ಟವನು ಗುಮಾಸ್ತನೇ.

ಮರುವಾರದಿಂದ ದಾಖಲೆ ಕೋಣೆಯ ಮುಂದೆ ಸಾಲು ಬೆಳೆಯಿತು. ನೀರು ಸರಬರಾಜಿನವರು, ದೀಪದ ಕಂಬ ಹತ್ತುವವರು, ಕಸ ಎತ್ತುವವರು, ಒಟ್ಟು ಮುನ್ನೂರು ಚಿಲ್ಲರೆ ತಾತ್ಕಾಲಿಕ ನೌಕರರು ತಮ್ಮ ಹಿರಿಯರನ್ನೂ ನಗರಪಿತರು ಹಿಡಿದು ತಂದಿದ್ದರೆಂದು ಅರ್ಜಿ ಹಾಕಿದರು. ಹನ್ನೆರಡು ವರ್ಷದಿಂದ ಅದೇ ಕೋಣೆ ಗುಡಿಸುತ್ತಿದ್ದ ಹೆಂಗಸು ಎಲ್ಲರಿಗಿಂತ ಮುಂದೆ ನಿಂತಿದ್ದಳು.

"ಅಣ್ಣಾ, ನಮ್ಮ ಮುತ್ತಜ್ಜನಿಗೂ ಭಾಳ ಹಿಂಸೆ ಕೊಟ್ಟಿದ್ರಂತೆ. ಹೇಗಾದ್ರೂ ಮಾಡಿ ಸೇರಿಸ್ಕೋ."

ಗುಮಾಸ್ತ ಅವಳ ಅರ್ಜಿಯನ್ನು ಎರಡು ಸಲ ಓದಿ ವಾಪಸ್ ಚಾಚಿದ.

"ಎಲ್ಲರೂ ಹೀಗೇ ಹೇಳ್ತಾರಮ್ಮ. ನರ ಕೊಯ್ದಿದ್ದಕ್ಕೆ ದಾಖಲೆ ತಗೊಂಡು ಬಾ."